ಬಿಚ್ಚದ ಮೋಟಾರು

ಇವತ್ತು ಯಾರಿಗೂ ಕೈ ಮುಗಿಯುವುದಿಲ್ಲ ಎಂದು ಬುಧಗಾಂವದಲ್ಲಿ ಬಸ್ಸು ಹತ್ತುವಾಗಲೇ ಸಂಮೇದ ನಿಶ್ಚಯ ಮಾಡಿದ್ದ. ಹತ್ತಿ ಕುಳಿತು ಇನ್ನೂ ಉಸಿರು ಬಿಟ್ಟಿರಲಿಲ್ಲ, ಮುಂದಿನ ಸೀಟಿನಿಂದ ಓಣಿಯ ಸುಶೀಲಾಬಾಯಿ ಹಿಂದಿರುಗಿ, ಎರಡೂ ಕೈ ಜೋಡಿಸಿ 'ಉತ್ತಮ ಕ್ಷಮಾ' ಅಂದಳು. ಅವನ ಎಡಗೈ ತನ್ನಷ್ಟಕ್ಕೆ ತಾನೇ ಎದೆಯ ಮಟ್ಟಕ್ಕೆ ಎದ್ದಿತು. ಜೋಡಿ ಸಿಗದೆ ಅಂಗಿಯ ಗುಂಡಿಯನ್ನು ಮುಟ್ಟಿ, ಅದನ್ನು ಸರಿಮಾಡಲೆಂದೇ ಬಂದಿದ್ದೆ ಎನ್ನುವ ಹಾಗೆ ಕೆಳಗಿಳಿಯಿತು. ಬಲಗೈ ಪ್ಯಾಂಟಿನ ಕಿಸೆಯಲ್ಲಿತ್ತು, ಅಲ್ಲೇ ಉಳಿಯಿತು. ಸುಶೀಲಾಬಾಯಿಯ ಕಣ್ಣು ಒಂದು ಕ್ಷಣ ಆ ಕಿಸೆಯ ಕಡೆ ಹೋಗಿ, ಹೋಗಬಾರದಿತ್ತು ಎಂದು ನೆನಪಾಗಿ, ಕಿಟಕಿಯಾಚೆಯ ಕಬ್ಬಿಗೆ ಹಾರಿತು. ಕಣ್ಣುಗಳು ಹೀಗೆ ಹಾರುವುದನ್ನು ಅವನು ಎರಡು ಮಳೆಗಾಲದಿಂದ ನೋಡುತ್ತ ಬಂದಿದ್ದ. ಜನ ಅವನ ಮುಖ ನೋಡಿ ಮಾತಾಡುವುದನ್ನೇ ಬಿಟ್ಟಿದ್ದರು. ಒಂದೋ ಕಿಸೆ ನೋಡುತ್ತಿದ್ದರು, ಇಲ್ಲವೇ ಕಬ್ಬು ನೋಡುತ್ತಿದ್ದರು. ಅಲ್ಲ, ಈಕೆ ತನಗೆ ಮಾಡಿದ ತಪ್ಪಾದರೂ ಏನು, ಕ್ಷಮೆ ಕೇಳುವುದಕ್ಕೆ? ಏನೂ ಇಲ್ಲ. ದಶಲಕ್ಷಣ ಪರ್ವ ಮುಗಿದು ಕ್ಷಮಾವಾಣಿಯ ದಿನ ಬಂತೆಂದರೆ ಜೈನರ ಓಣಿಯಲ್ಲಿ ಹಿರಿಯರು ಕಿರಿಯರೆನ್ನದೆ ಎಲ್ಲರೂ ಎಲ್ಲರಿಗೂ ಕೈ ಮುಗಿಯುತ್ತಾರೆ, ತಿಳಿದೋ ತಿಳಿಯದೆಯೋ ತಪ್ಪಾಗಿದ್ದರೆ ಮನ್ನಿಸಿ ಅನ್ನುತ್ತಾರೆ. ಪಕ್ಕದ ಹೊಲದ ಬದುವು ಒತ್ತಿದವನೂ ಅನ್ನುತ್ತಾನೆ, ಒತ್ತಿಸಿಕೊಂಡವನೂ ಅನ್ನುತ್ತಾನೆ. ಇಬ್ಬರೂ ಹೋಳಿಗೆ ಉಂಡು ಮಲಗುತ್ತಾರೆ, ಬದುವು ಮಾತ್ರ ಒತ್ತಿದಲ್ಲೇ ಇರುತ್ತದೆ. ಚಿಕ್ಕಂದಿನಿಂದ ಅವನೂ ಆ ಮಾತು ಅಂದವನೇ, ಅರ್ಥ ಕೇಳದೆ ಅಂದವನೇ. ಈ ವರ್ಷ ಅದು ಗಂಟಲು ದಾಟುತ್ತಿರಲಿಲ್ಲ.

ಬೆಳಿಗ್ಗೆ ಹೊರಡುವಾಗ ಹೆಂಡತಿ ಸಪನಾ ಬಾಗಿಲಿಗೆ ಅಡ್ಡ ನಿಂತಿದ್ದಳು. ಜಗಳಕ್ಕೆ ನಿಂತಿದ್ದಲ್ಲ, ಹೂರಣಕ್ಕೆ ಬೇಳೆ ಆರಿಸುತ್ತಿದ್ದ ಮೊರವನ್ನು ಕೈಯಲ್ಲಿ ಹಿಡಿದುಕೊಂಡೇ ಎದ್ದು ಬಂದಿದ್ದಳು. "ಮಿರಜಕ್ಕ ಯಾಕ ಹೋಗ್ತೀರಿ? ಅಣ್ಣ ಸಂಜೀಕ ಬರತಾನ. ಮೂರೂ ಮೋಟಾರ ಅವನಽ ತರಾಕತ್ಯಾನ," ಅಂದಳು. ಮೋಟಾರಿನ ಸುದ್ದಿ ನಿನ್ನ ಅಣ್ಣನಿಗೆ ಯಾರು ಹೇಳಿದರು ಎಂದು ಅವನು ಕೇಳಲಿಲ್ಲ. ಕೇಳುವುದೇನು ಬಂತು, ಅವಳೇ ಹೇಳಿದ್ದಳು. ಅಣ್ಣ ಅಂದರೆ ರಾವಸಾಬ, ಕುಪವಾಡದಲ್ಲಿ ವರ್ಕ್‌ಶಾಪ್ ಇಟ್ಟವನು. ಸಂಮೇದನಿಗೆ ಹೆಣ್ಣು ಕೊಟ್ಟವನು, ಕೆಲಸ ಕೊಟ್ಟವನು, ಕಬ್ಬಿಣ ಕೊರೆಯುವ ತನ್ನ ಮಿಲ್ಲಿಂಗ್ ಮಿಶನ್ನಿನಲ್ಲಿ ಸಂಮೇದನ ಬಲಗೈಯ ಮೂರು ಬೆರಳು ಹೋದಾಗ ತನ್ನದೇ ಕಾರಿನಲ್ಲಿ ಆಸ್ಪತ್ರೆಗೆ ಒಯ್ದವನು. ಸೀಟಿಗೆಲ್ಲ ರಕ್ತ ಹತ್ತಿದರೂ ಒಂದು ಮಾತು ಆಡಲಿಲ್ಲ ಎಂದು ಬೀಗರ ಮನೆಯಲ್ಲಿ ಇಂದಿಗೂ ಹೇಳುತ್ತಾರೆ, ರಕ್ತ ಅವನದೇ ಎಂಬಂತೆ. ಈಗ ಗೇಟಿನ ಹತ್ತಿರ ಸ್ಟೂಲು ಹಾಕಿಕೊಡುತ್ತೇನೆ, ಬಂದ ಗಾಡಿ ಹೋದ ಗಾಡಿ ನೋಡಿಕೊಂಡು ನೆರಳಲ್ಲಿ ಕೂತಿರಿ ಅನ್ನುತ್ತಾನೆ. ಸ್ಟೂಲು ಬೇಡ, ನನ್ನ ಕೊಟ್ಟಿಗೆಯಲ್ಲಿ ನಿಂತಿರುವ ಹಳೆಯ ಮಿಶನ್ನಿಗೆ ಮೋಟಾರು ಕೂಡಿಸಿ ನಾನೇ ಕೆಲಸ ಹಿಡಿಯುತ್ತೇನೆ ಅಂದರೆ, ಹಾಗಾದರೆ ಮೋಟಾರು ನಾನು ಕೊಡುತ್ತೇನೆ ಅನ್ನುತ್ತಾನೆ. ಕೊಡುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಆದರೆ ಅವನ ಮೋಟಾರು ತೆಗೆದುಕೊಂಡು, ಈ ದಿನ ಅವನು ಕೈ ಮುಗಿದಾಗ ತಾನೂ ಮುಗಿದರೆ, ಆಸ್ಪತ್ರೆಯಲ್ಲಿ ತಾನು ಆಡಿದ ಸುಳ್ಳು ಅಲ್ಲಿಗೆ ಗಟ್ಟಿಯಾಯಿತು. ಆಮೇಲೆ ಸಾಯುವ ತನಕ ಅದೇ ನಿಜ. ಇದನ್ನು ಸಪನಾಳಿಗೆ ಹೇಳಲು ಹೋದರೆ ಅವಳು ಅಣ್ಣನನ್ನೂ ಗಂಡನನ್ನೂ ತಕ್ಕಡಿಯಲ್ಲಿ ಇಟ್ಟು ನೋಡಬೇಕಾಗುತ್ತದೆ. ಯಾವ ಕಡೆ ತೂಗೀತು ಎಂಬ ಹೆದರಿಕೆ ಅವನಿಗೂ ಇತ್ತು. ಹೇಳದೆ ಚಪ್ಪಲಿ ಮೆಟ್ಟಿ ಹೊರಟ. ಹೊತ್ತು ಮುಳುಗುವುದರೊಳಗೆ ಬನ್ನಿ, ಊಟ ತಡವಾಗಬಾರದು ಎಂದು ಅವಳು ಹಿಂದಿನಿಂದ ಕೂಗಿದ್ದು ಕೇಳಿಸಿತು.

ಸಾಂಗಲಿಯಲ್ಲಿ ಬಸ್ಸು ಬದಲಿಸಿದ. ನಿಲ್ಲಲಷ್ಟೇ ಜಾಗ. ಎಡಗೈ ಮೇಲಿನ ಕಂಬಿ ಹಿಡಿದಿದ್ದರಿಂದ ಟಿಕೆಟಿಗೂ ಚಿಲ್ಲರೆಗೂ ಬಲಗೈ ಹೊರಗೆ ಬರಬೇಕಾಯಿತು. ಹೆಬ್ಬೆರಳಿಗೂ ಕಿರುಬೆರಳಿಗೂ ನಡುವೆ ಏನೂ ಇಲ್ಲದ ಜಾಗದಿಂದ ನಾಣ್ಯ ಜಾರಿ ಯಾರದೋ ಕಾಲ ಕೆಳಗೆ ಉರುಳಿತು. ಕಂಡಕ್ಟರ ತಾನೇ ಬಗ್ಗಿ ಹೆಕ್ಕಿ ಅವನ ಅಂಗಿಯ ಜೇಬಿಗೆ ಹಾಕಿ, ಜೇಬಿನ ಮೇಲೆ ಮೆಲ್ಲಗೆ ತಟ್ಟಿ, ಇರಲಿ ಕಾಕಾ ಎಂದು ಮರಾಠಿಯಲ್ಲಿ ಅಂದ. ಕಾಕಾ! ಇನ್ನೂ ನಲವತ್ತು ತುಂಬಿಲ್ಲ. ಬೆರಳು ಕಡಿಮೆಯಾದರೆ ವಯಸ್ಸು ಹೆಚ್ಚಾಗುತ್ತದೋ ಏನೋ. ಆ ತಟ್ಟಿದ್ದು ಅವನಿಗೆ ಬೈದಿದ್ದಕ್ಕಿಂತ ಹೆಚ್ಚು ಉರಿಯಿತು. ಒಂದು ಕಾಲಕ್ಕೆ ಇದೇ ಕೈಯ ಈ ಇಲ್ಲದ ಬೆರಳುಗಳು ಮಿಶನ್ನಿನ ಹ್ಯಾಂಡಲ್ಲನ್ನು ಕೂದಲೆಳೆಯಷ್ಟು ತಿರುಗಿಸಿ ನಿಲ್ಲಿಸುತ್ತಿದ್ದವು. ಕಣ್ಣು ಅಳತೆಯ ಗೆರೆ ನೋಡುವ ಮೊದಲೇ ಬೆರಳಿಗೆ ಗೊತ್ತಾಗುತ್ತಿತ್ತು. ಈಗಲೂ ಬಸ್ಸು ಕುಲುಕಿದಾಗ ಅವು ತಿರುಗುತ್ತವೆ, ಕಿಸೆಯ ಕತ್ತಲಲ್ಲಿ, ಇಲ್ಲದ ಹ್ಯಾಂಡಲ್ಲನ್ನು. ಎಡಗೈಯಲ್ಲಿ ಮಾಡು ಅನ್ನುತ್ತಾರೆ ಜನ, ಎಡಗೈ ಇದೆಯಲ್ಲ ಅನ್ನುತ್ತಾರೆ. ನೇರ ಗೆರೆ ಕೊರೆಯಲು ಒಂದು ಕೈ ಸಾಕು ಮಹಾರಾಯರೇ. ಬಾಗು ಕೊರೆಯಬೇಕಾದರೆ ಎರಡು ಹ್ಯಾಂಡಲ್ಲು ಒಟ್ಟಿಗೆ ತಿರುಗಬೇಕು, ಒಂದು ಓಡಿದಷ್ಟು ಇನ್ನೊಂದು ತಾಳಬೇಕು. ಅದನ್ನೇ ಸ್ಟೆಪರ್ ಮೋಟಾರು ಮಾಡುತ್ತದೆ. ಹೇಳಿದಷ್ಟೇ ತಿರುಗಿ, ಹೇಳಿದ ಜಾಗದಲ್ಲಿ ಕಚ್ಚಿ ನಿಲ್ಲುತ್ತದೆ. ಅಂಥವು ಮೂರು ಬೇಕು: ಎಡಬಲಕ್ಕೊಂದು, ಹಿಂದುಮುಂದಕ್ಕೊಂದು, ಮೇಲಕ್ಕೆ ಕೆಳಕ್ಕೆ ಒಂದು. ಮೂರು ಬೆರಳಿಗೆ ಮೂರು ಮೋಟಾರು ಎಂದು ಒಮ್ಮೆ ಯೋಚನೆ ಬಂದು ಅವನಿಗೇ ನಗು ಬಂದಿತ್ತು, ನಕ್ಕ ಮೇಲೆ ಬಹಳ ಹೊತ್ತು ಸಿಟ್ಟು ಬಂದಿತ್ತು.

ಮಿರಜೆಯಲ್ಲಿ ಇಳಿದರೆ ಯಾವ ಬೀದಿಗೆ ಹೋದರೂ ಒಂದು ಆಸ್ಪತ್ರೆ ಎದುರಾಗುತ್ತದೆ. ತಾನಿದ್ದ ಆಸ್ಪತ್ರೆಯ ಮುಂದೆ ಹೋಗಬಾರದೆಂದು ಅವನು ಬಳಸು ದಾರಿ ಹಿಡಿದ. ಬಳಸು ದಾರಿಯಲ್ಲೂ ಅದೇ ಫಿನಾಯಿಲಿನ ವಾಸನೆ. ಅಂದು ಕಾರ್ಖಾನೆ ತಪಾಸಣೆಯ ಅಧಿಕಾರಿ ಹಾಸಿಗೆಯ ಪಕ್ಕ ನಿಂತು, ಇದು ಹೇಗಾಯಿತು ಎಂದು ಕೇಳಿದಾಗ ಕಾಲ ಕಡೆ ರಾವಸಾಬ ಎಳನೀರು ಹಿಡಿದು ನಿಂತಿದ್ದ, ಕುಡಿಯುವ ನಳಿಗೆಯನ್ನೂ ಹಾಕಿಕೊಂಡು. ಅತ್ತೆ ಹೀರಾಬಾಯಿ ಕಣ್ಣು ಮುಚ್ಚಿ ಣಮೋಕಾರ ಜಪಿಸುತ್ತಿದ್ದಳು. ಸಪನಾ ಅಣ್ಣನ ಮುಖ ನೋಡುತ್ತಿದ್ದಳು, ಗಂಡನದಲ್ಲ, ಅಣ್ಣನದು. ಅದನ್ನು ಕಂಡೇ ಇರಬೇಕು, ಅವನ ಬಾಯಿ 'ಮಾಝೀಚ ಚೂಕ' ಅಂತ ಮರಾಠಿಯಲ್ಲಿ ಅಂದುಬಿಟ್ಟಿತು, ತಪ್ಪು ನನ್ನದೇ ಅಂತ. ಅಧಿಕಾರಿ ತಲೆಯಾಡಿಸಿ ಹೋದ. ರಾವಸಾಬ ನಳಿಗೆಯನ್ನು ಅವನ ತುಟಿಗೆ ಇಟ್ಟ, ಅವನು ಕುಡಿದ. ಆ ಎಳನೀರಿನ ಸಿಹಿ ನೆನಪಾದರೆ ಇವತ್ತಿಗೂ ಅವನಿಗೆ ಹೇಸಿಗೆಯಾಗುತ್ತದೆ. ಯಾಕಂದರೆ ನಡೆದದ್ದು ಬೇರೆ. ತಿರುಗುವ ಕಟರಿಗೂ ಕೈಗೂ ನಡುವೆ ಒಂದು ಕಬ್ಬಿಣದ ಜಾಳಿ ಇರುತ್ತದೆ, ಕೈ ಒಳಗೆ ಹೋಗದ ಹಾಗೆ. ಮಾಲು ಇಡಲು ತೆಗೆಯಲು ಅಡ್ಡ ಬರುತ್ತದೆ, ಆರ್ಡರು ತಡವಾಗುತ್ತಿದೆ ಎಂದು ರಾವಸಾಬ ಅದನ್ನು ಬಿಚ್ಚಿಸಿ ಮೂಲೆಗೆ ಹಾಕಿಸಿದ. ಮತ್ತೆ ಕೂಡಿಸೋಣ ಎಂದು ಸಂಮೇದ ಒಮ್ಮೆ ಅಂದ, ಇನ್ನೊಮ್ಮೆ ಅಂದ. ಈ ಆರ್ಡರು ಮುಗಿಯಲಿ ಎಂದ ರಾವಸಾಬ. ಮನೆಯಲ್ಲಿ 'ದಾಜಿ' ಎಂದು ತಂಗಿಯ ಗಂಡನಿಗೆ ಮಣೆ ಹಾಕುವವನು ವರ್ಕ್‌ಶಾಪಿನಲ್ಲಿ 'ಏ ಸಂಮೇದ, ಕೆಲಸ ನೋಡು' ಅನ್ನುತ್ತಿದ್ದ. ಆರ್ಡರು ಮುಗಿಯಿತು, ಬೆರಳೂ ಮುಗಿದವು. ಆಮೇಲೊಂದು ದಿನ ಬಾಕಿ ಸಾಮಾನು ತರಲು ಹೋದಾಗ ನೋಡಿದರೆ ಜಾಳಿ ತನ್ನ ಜಾಗದಲ್ಲೇ ಇತ್ತು, ಹೊಸದಾಗಿ ಹಳದಿ ಬಣ್ಣ ಬಳಿದುಕೊಂಡು.

ರೈಲ್ವೆ ಹಳಿಯ ಪಕ್ಕದ ತಗಡಿನ ಶೆಡ್ಡು ಕೃಷ್ಣವ್ವನದು. ಒಂದು ಕಾಲಕ್ಕೆ ವಿಜಯಪುರದ ಕಡೆಯಿಂದ ಕೂಲಿಗೆ ಬಂದು, ಚೀಲ ಹೊತ್ತು ಗುಜರಿ ಆರಿಸಿ, ಈಗ ತಾನೇ ಗುಜರಿಯ ಮಾಲಕಳಾದವಳು. ಇಚಲಕರಂಜಿಯ ಮಗ್ಗದ ಕಾರ್ಖಾನೆಗಳಿಂದ, ಮುಚ್ಚಿದ ಛಾಪಖಾನೆಗಳಿಂದ, ಯಾವ್ಯಾವುದೋ ಮಿಶನ್ನುಗಳ ಹೊಟ್ಟೆಯಿಂದ ಬಂದ ಮೋಟಾರುಗಳು ಅವಳಲ್ಲಿ ರಾಶಿ ಬಿದ್ದಿರುತ್ತವೆ. ಅವಳಿಗೆ ಅವೆಲ್ಲ ಬರೀ ತೂಕ. ಆರಿಸಿಕೋ ಎಂದು ಒಂದು ಗೋಣಿತಟ್ಟು ಒಗೆದು, ತಾನು ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚತೊಡಗಿದಳು. ಸಂಮೇದ ತಟ್ಟಿನ ಮೇಲೆ ಕುಕ್ಕುರುಗಾಲಲ್ಲಿ ಕೂತ. ಇಲ್ಲಿ ಕಿಸೆಯಿಂದ ಕೈ ತೆಗೆಯದೆ ಗತ್ಯಂತರವಿಲ್ಲ. ತೆಗೆದ. ಕೃಷ್ಣವ್ವನ ಕಣ್ಣು ಎಲ್ಲಿಗೂ ಹಾರಲಿಲ್ಲ. ಸೀದಾ ಆ ಕೈಯನ್ನೇ ನೋಡಿ, ತೂಕಕ್ಕೆ ಬಂದ ಸಾಮಾನನ್ನು ನೋಡುವ ಹಾಗೆ ನೋಡಿ, "ಎದರಾಗ ಹೋದುವಪ್ಪಾ?" ಅಂದಳು.

"ಮಿಶನ್ನಾಗ."

"ತಪ್ಪು ಯಾರದು?"

ಎರಡು ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಎಲ್ಲರಿಗೂ ಉತ್ತರ ಗೊತ್ತಿತ್ತಲ್ಲ. ಅವನು ಕೈಯಲ್ಲಿದ್ದ ಮೋಟಾರನ್ನು ಕೆಳಗಿಟ್ಟ. ಹೇಳಿದರೆ ಇವಳೇನು ರಾವಸಾಬನ ಕಿವಿಗೆ ಹಾಕುತ್ತಾಳೆಯೇ, ಇವಳಿಗೆ ತನ್ನ ಹೆಸರೂ ಗೊತ್ತಿಲ್ಲ. "ಮಾಲಕಂದು," ಅಂದ. ಅಂದ ಮೇಲೆ ಶೆಡ್ಡಿನಲ್ಲಿ ಏನೂ ಆಗಲಿಲ್ಲ. ಹಳಿಯ ಮೇಲೆ ಒಂದು ಗೂಡ್ಸ್ ಗಾಡಿ ಹೋಗುತ್ತಿತ್ತು, ಅದು ಹೋಗುತ್ತಲೇ ಇತ್ತು. ಕೃಷ್ಣವ್ವ ಎಲೆಯನ್ನು ಮಡಚಿ ದವಡೆಗೆ ಇಟ್ಟುಕೊಂಡು, "ಹಂಗ ಅನ್ನು ಮತ್ತ," ಅಂದು ಬೇರೆ ಗಿರಾಕಿಯ ಕಡೆ ತಿರುಗಿದಳು. ಇಷ್ಟೇ ಆಗಿತ್ತೇ? ಇದಕ್ಕಾಗಿ ತಾನು ಎರಡು ವರ್ಷ ಎಳನೀರಿನ ಸಿಹಿಯನ್ನು ಬಾಯಲ್ಲಿಟ್ಟುಕೊಂಡು ತಿರುಗಿದೆನೇ? ಅವನಿಗೆ ನಾಚಿಕೆಯಾಯಿತು, ಜೊತೆಗೇ ಮೈ ಹಗುರವಾಯಿತು.

ಆಮೇಲೆ ಅವನು ಸಾವಕಾಶವಾಗಿ ಆರಿಸಿದ. ರಾಶಿಯ ಮೇಲೇ ದೊಡ್ಡ ದೊಡ್ಡ ಮೋಟಾರುಗಳಿದ್ದವು, ಎರಡು ಕೈಯಲ್ಲೂ ಎತ್ತಲಾಗದಂಥವು. ಹೊಸದರಲ್ಲಿ ಅವನೂ ಅಂಥವನ್ನು ಕಂಡು ಬಾಯಿ ಬಿಟ್ಟಿದ್ದ. ಈಗ ಗೊತ್ತು, ಇಂಥ ಹಳೇ ಮಾಲಿನಲ್ಲಿ ಎಷ್ಟೋ ನಿಂತಲ್ಲಿ ಆನೆ, ಓಡಿಸಿದರೆ ಆಡು. ಒಳಗಿನ ಸುರುಳಿಯಲ್ಲಿ ತಂತಿ ವಿಪರೀತ ಸುತ್ತಿರುತ್ತದೆ, ವೇಗ ಹೆಚ್ಚಿದರೆ ಕರೆಂಟು ಒಳಗೆ ಹೋಗುವುದರಲ್ಲೇ ಹೊತ್ತಾಗಿ ಬಲ ಸೋರುತ್ತದೆ. ಗಾತ್ರಕ್ಕೆ ಮರುಳಾಗಬಾರದು. ಮೈಮೇಲಿನ ಚೀಟಿ ಓದಬೇಕು, ಹೆಚ್ಚು ಕರೆಂಟು ಉಣ್ಣುವ ಮಧ್ಯಮ ಗಾತ್ರದ್ದನ್ನು ಹುಡುಕಬೇಕು, ಹೊರಗೆ ಬಂದ ತಂತಿ ಹೆಚ್ಚಿದ್ದಷ್ಟೂ ಬೇಕಾದ ಹಾಗೆ ಜೋಡಿಸಿಕೊಳ್ಳಬಹುದು. ತಂತಿಗಳ ತುದಿಯನ್ನು ಒಂದಕ್ಕೊಂದು ಹೊಸೆದು ದಂಡ ತಿರುಗಿಸಿದರೆ ಒಳ್ಳೆಯ ಮೋಟಾರು ಹಟ ಹಿಡಿದು ನಿಲ್ಲುತ್ತದೆ. ಬಿಡಿಸಿದರೆ ಸಲೀಸಾಗಿ ತಿರುಗುತ್ತದೆ. ಹೊಸೆದಾಗಲೂ ಸಲೀಸಾಗಿ ತಿರುಗಿದರೆ ಒಳಗೆ ಸತ್ತಿದೆ ಎಂದೇ ಅರ್ಥ. ಎಡಗೈಯಲ್ಲಿ ಮೋಟಾರು ಹಿಡಿದು, ತಂತಿಯನ್ನು ಹಲ್ಲಿನಲ್ಲಿ ಕಚ್ಚಿ, ಹೆಬ್ಬೆರಳು ಕಿರುಬೆರಳಿನಿಂದ ಹೊಸೆಯುತ್ತ ಕೂತ. ಕಿರುಬೆರಳು ಇಷ್ಟು ಗಟ್ಟಿಯಾಗಿದ್ದು ಯಾವಾಗಲೋ, ಅವನಿಗೇ ತಿಳಿದಿರಲಿಲ್ಲ.

ಎಲ್ಲಕ್ಕಿಂತ ಮೊದಲು ಅವನು ನೋಡಿದ್ದು ಸ್ಕ್ರೂಗಳನ್ನು. ತಲೆಯ ಮೇಲೆ ಕಾರ್ಖಾನೆಯ ಮೂಲ ಬಣ್ಣ ಹಾಗೇ ಇರಬೇಕು. ಗೀರಿದ್ದರೆ ಯಾರೋ ಬಿಚ್ಚಿದ್ದಾರೆ. ಬಿಚ್ಚಿದ್ದು ಬೇಡವೇ ಬೇಡ. ನೀರೆತ್ತುವ ಮೋಟಾರನ್ನು ಬಿಚ್ಚಿ ನಡುವೆ ತಿರುಗುವ ರೋಟರನ್ನು ಎಳೆದು ತೊಳೆದು ಗ್ರೀಸು ಹಚ್ಚಿದರೆ ಅದಕ್ಕೆ ಆಯುಷ್ಯ ಹೆಚ್ಚು, ನಿಜ. ಇದರ ರೋಟರು ಹಾಗಲ್ಲ, ಅದೇ ಒಂದು ಅಯಸ್ಕಾಂತ. ತನ್ನ ಮನೆಯೊಳಗೆ ಇರುವ ತನಕ ಅದಕ್ಕೆ ಬಲ. ಒಮ್ಮೆ ಹೊರಗೆ ಎಳೆದರೆ ಬಲ ಇಳಿದುಹೋಗುತ್ತದೆ, ಮತ್ತೆ ಒಳಗಿಟ್ಟು ಸ್ಕ್ರೂ ಬಿಗಿದರೂ ತಿರುಗಿ ಬರುವುದಿಲ್ಲ. ಹೊರಗಿನಿಂದ ಏನೂ ಕಾಣುವುದಿಲ್ಲ, ಮೊದಲಿನ ಹಾಗೇ ಇರುತ್ತದೆ. ಮೊದಲು ತಂದ ಒಂದನ್ನು ಅವನು ಹೀಗೆಯೇ ಕೊಂದಿದ್ದ, ಪ್ರೀತಿಯಿಂದ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು. ಮನಸ್ಸು ಬಿಚ್ಚಿ ಮಾತಾಡಿರಿ ಎಂದು ಸಪನಾ ಅನ್ನುತ್ತಾಳೆ, ಎಲ್ಲರ ಹತ್ತಿರ ಹೇಳಿಕೊಂಡರೆ ಹಗುರಾಗುತ್ತದೆ ಎಂದು ಬಸದಿಗೆ ಬಂದ ತ್ಯಾಗಿಗಳೂ ಹೇಳಿದ್ದರು. ಇರಲಿ. ತನ್ನೊಳಗಿನ ಸಿಟ್ಟಿನ ಮೂಲ ಬಣ್ಣ ಇನ್ನೂ ಒಡೆದಿಲ್ಲ, ಅದನ್ನು ಯಾರ ಕೈಗೂ ತೊಳೆಯಲು ಕೊಡುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೂರು ಸಿಕ್ಕವು, ಒಂದೇ ಮಿಶನ್ನಿನಿಂದ ಬಂದ ಅಣ್ಣತಮ್ಮಂದಿರು, ಹತ್ತಿಯ ಜಿಡ್ಡು ಮೆತ್ತಿ ಕರ್ರಗಾಗಿದ್ದವು. ಕೃಷ್ಣವ್ವ ತೂಗಿ ಕೊಟ್ಟಳು. ಅವನು ಚೀಲವನ್ನು ಹೆಗಲಿಗೆ ಹಾಕಿ ಬಲಗೈಯಿಂದ ಅದರ ಬಾಯಿ ಹಿಡಿದುಕೊಂಡ. ಊರು ಬರುವ ತನಕ ಆ ಕೈ ಹೊರಗೇ ಇತ್ತು.

ಮನೆಯ ಮುಂದೆ ರಾವಸಾಬನ ಕಾರು ನಿಂತಿತ್ತು. ಒಳಗೆ ಮಂಚದ ಮೇಲೆ ಹೀರಾಬಾಯಿ, ಕುರ್ಚಿಯಲ್ಲಿ ಬಿಳಿ ಜುಬ್ಬದ ರಾವಸಾಬ, ಅವನ ಕಾಲ ಬಳಿ ಒಂದು ರಟ್ಟಿನ ಖೋಕಾ. ದಾಜಿ ಬಂದರು ಎಂದು ರಾವಸಾಬ ಎದ್ದು ನಿಂತ; ಅವನ ಕಣ್ಣು ಅಭ್ಯಾಸಬಲದಿಂದ ಕಿಸೆಯನ್ನು ಹುಡುಕಿ, ಅಲ್ಲಿ ಕೈ ಕಾಣದೆ ತಬ್ಬಿಬ್ಬಾಗಿ, ಗೋಡೆಯ ಮೇಲಿನ ಸಂಮೇದ ಶಿಖರಜಿ ತೀರ್ಥಕ್ಷೇತ್ರದ ಪಟಕ್ಕೆ ಹೋಗಿ ನಿಂತಿತು. ಖೋಕಾ ತೆರೆದು ತೋರಿಸಿದ. ಮೂರು ಮೋಟಾರು, ನೀಲಿ ಬಣ್ಣ ಬಳಿದು ಫಳಫಳ ಹೊಳೆಯುತ್ತಿದ್ದವು. ವರ್ಕ್‌ಶಾಪಿನ ಎಲೆಕ್ಟ್ರೀಶಿಯನ್ ಭೂಷಣ ಎರಡು ದಿನ ಕೂತು ತಯಾರು ಮಾಡಿದ್ದಂತೆ. ಒಂದೊಂದನ್ನೂ ಬಿಚ್ಚಿ, ರೋಟರು ಹೊರಗೆ ತೆಗೆದು, ತೊಳೆದು, ಗ್ರೀಸು ಹಾಕಿ ಕೂಡಿಸಿದ್ದಾನಂತೆ. ದಾಜಿಯವರ ಕೆಲಸ, ಕಸ ಕಡ್ಡಿ ಇರಬಾರದು ಎಂದು ತಾನೇ ಹೇಳಿದ್ದೆ ಎಂದ ರಾವಸಾಬ. ಸುಳ್ಳಲ್ಲ, ಅವನ ಮುಖದಲ್ಲಿ ಖುಷಿಯಿತ್ತು. ಅದನ್ನು ಕಂಡು ಸಂಮೇದನಿಗೆ ಒಂದು ಗಳಿಗೆ ಅಯ್ಯೋ ಅನ್ನಿಸಿತು. ಈ ಮನುಷ್ಯ ಕೆಟ್ಟವನಲ್ಲ. ಕ್ಷಮಿಸಿಬಿಟ್ಟರೆ ಎಷ್ಟು ಸುಲಭ, ಹೋಳಿಗೆಯ ವಾಸನೆ ಬರುತ್ತಿದೆ, ಸಪನಾ ನಗುತ್ತಾಳೆ. ಬಾಯಲ್ಲಿ ಎಳನೀರಿನ ರುಚಿ ಬಂತು. ಅವನು ಚಾಪೆಯ ಮೇಲೆ ಕೂತು ನೀಲಿ ಮೋಟಾರೊಂದನ್ನು ತೊಡೆಯ ಮೇಲೆ ಇಟ್ಟುಕೊಂಡ, ತಂತಿ ಕೈಗೆತ್ತಿಕೊಂಡ.

ಹೀರಾಬಾಯಿಗೆ ಅರ್ಥವಾಯಿತು, ಮಗ ಕೊಟ್ಟದ್ದನ್ನು ಅಳಿಯ ಪರೀಕ್ಷೆಗೆ ಹಚ್ಚುತ್ತಿದ್ದಾನೆ. "ಧರ್ಮಕ್ಕ ದಟ್ಟಿ ಕೊಟ್ರ ಹಿತ್ತಲಕ್ಕ ಹೋಗಿ ಮೊಳಾ ಹಾಕಿದಳಂತ," ಅಂದಳು, ಗೋಡೆಗೆ ಹೇಳುವವಳ ಹಾಗೆ.

"ಹಿತ್ತಲಕ್ಕ ಯಾಕ ಹೋಗಬೇಕ್ರಿ ಅತ್ತಿ? ಎಲ್ಲಾರ ಮುಂದಽ ಹಾಕ್ತೇನಿ."

ತಂತಿ ಸಣ್ಣವು, ಭೂಷಣ ಚೊಕ್ಕಟವಾಗಿ ಕತ್ತರಿಸಿದ್ದ. ಎರಡು ಬೆರಳಿಗೆ ಸಿಗುತ್ತಿರಲಿಲ್ಲ. ಮತ್ತೆ ಮತ್ತೆ ಜಾರಿದವು. ಎಲ್ಲರೂ ನೋಡುತ್ತಿದ್ದರು, ಅವನ ಕಿವಿ ಬಿಸಿಯಾಯಿತು, ಹಲ್ಲು ಹಚ್ಚಲು ಬಗ್ಗಿದ. ಅಷ್ಟರಲ್ಲಿ ಸಪನಾ ಅಡುಗೆ ಮನೆಯಿಂದ ಬಂದು, ಸೆರಗಿಗೆ ಕೈ ಒರೆಸಿಕೊಂಡು, ಎದುರು ಕೂತು, ತಂತಿಗಳನ್ನು ಅವನ ಕೈಯಿಂದ ತೆಗೆದುಕೊಂಡಳು. ಹೇಗೆ ಎಂದು ಕೇಳಲಿಲ್ಲ; ಕೊಟ್ಟಿಗೆಯಲ್ಲಿ ಅವನು ಮಾಡುವುದನ್ನು ನೋಡಿದ್ದಳು ಅಂತ ಕಾಣುತ್ತದೆ. ನೀಲಿಯದರ ತಂತಿ ಹೊಸೆದಳು, ಚೀಲದಿಂದ ಕರಿಯದೊಂದನ್ನು ತೆಗೆದು ಅದರದನ್ನೂ ಹೊಸೆದಳು. ಸಂಮೇದ ಎರಡನ್ನೂ ರಾವಸಾಬನ ಮುಂದೆ ಇಟ್ಟು, ತಿರುಗಿಸಿ ನೋಡಿ ಎಂದ. ಅಳತೆ ಒಂದೇ, ಚೀಟಿ ಒಂದೇ. ರಾವಸಾಬ ನಗುತ್ತಲೇ ನೀಲಿಯದರ ದಂಡ ಹಿಡಿದ. ಹೂರಣಗಡಬಿನಷ್ಟು ಮೆತ್ತಗೆ ತಿರುಗಿತು. ಕರಿಯದರದನ್ನು ಹಿಡಿದ, ಐದು ಬೆರಳೂ ಹಚ್ಚಿ ಹಿಡಿದ. ಕೆಂಪಾದ, ನಗು ಹೋಯಿತು, ಜುಬ್ಬಕ್ಕೆ ಜಿಡ್ಡು ಹತ್ತಿತು, ಅದು ಜುಮ್ಮೆಂದು ಕಚ್ಚಿ ಕಚ್ಚಿ ನಿಂತು ಅವನ ಬೆರಳು ಜಾರಿಸಿತು. ಬಿಚ್ಚಿದರೆ ಇದು ಸಾಯುತ್ತದೆ, ಭೂಷಣನಿಗೆ ಗೊತ್ತಿಲ್ಲ, ಪಾಪ ಒಳ್ಳೆಯದಕ್ಕೇ ಮಾಡಿದ್ದಾನೆ ಎಂದು ಸಂಮೇದ ಬಿಡಿಸಿ ಹೇಳಿದ.

ಆಯಿತು ಬಿಡಿ, ಹೊಸವನ್ನೇ ತರಿಸೋಣ, ಇವತ್ತು ಮೋಟಾರಿನ ದಿನ ಅಲ್ಲ ಎಂದು ರಾವಸಾಬ ಜುಬ್ಬದ ಜಿಡ್ಡನ್ನು ನೋಡಿಕೊಂಡು ಎದ್ದ. ಎದ್ದು ಎರಡೂ ಕೈ ಜೋಡಿಸಿದ. "ದಾಜೀ, ತಿಳಿದೋ ತಿಳೀದೆನೋ ನಮ್ಮಿಂದ ಏನರ ತಪ್ಪಾಗಿದ್ರ, ಉತ್ತಮ ಕ್ಷಮಾ."

ಬಂತು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಮಾತು, ಆ ಕಡೆಗೂ ಬೆಳಕು ಈ ಕಡೆಗೂ ಬೆಳಕು. ಸಂಮೇದನಿಗೆ ಇದ್ದಕ್ಕಿದ್ದಂತೆ ಹೆದರಿಕೆಯೆಲ್ಲ ಹೋಯಿತು. ಗುಜರಿಯ ಶೆಡ್ಡಿನಲ್ಲಿ ಅಂದಾಗ ಆಕಾಶವೇನೂ ಬಿದ್ದಿರಲಿಲ್ಲ.

"ತಿಳಿದೋ, ತಿಳೀದೆನೋ? ಎರಡರಾಗ ಒಂದು ಅನ್ರಿ."

ರಾವಸಾಬನ ಕೈಗಳು ಜೋಡಿಸಿದಲ್ಲೇ ಇದ್ದವು. ಹಾಗೆಲ್ಲ ಯಾರೂ ಕೇಳುವುದಿಲ್ಲ, ಕ್ಷಮಾವಾಣಿಯ ದಿನ ಇದೇನು ಪಂಚಾಯತಿ ಎಂದು ಹೀರಾಬಾಯಿ ಶುರು ಮಾಡಿದಳು. ಸಂಮೇದ ಅವಳ ಮಾತು ಮುಗಿಯುವ ತನಕ ಕಾದು, ದನಿ ಏರಿಸದೆ ಹೇಳಿದ: "ದವಾಖಾನ್ಯಾಗ ನಂದಽ ತಪ್ಪು ಅಂದಿದ್ದೆ. ಆ ಮಾತು ವಾಪಸ್ ತಗೋತೇನಿ. ಜಾಳಿ ನೀವು ತಗಸಿದ್ರಿ. ಹಾಕೂನು ಅಂತ ನಾ ಎರಡ ಸಲ ಅಂದಿದ್ದೆ. ನಿಮಗ ನೆನಪೈತಿ."

ಅವನು ಸಪನಾಳ ಕಡೆ ನೋಡಲಿಲ್ಲ. ನೋಡುವ ಧೈರ್ಯ ಅಷ್ಟರಲ್ಲಿ ಖರ್ಚಾಗಿತ್ತು. ಅವಳು ಎದ್ದ ಸಪ್ಪಳ ಕೇಳಿಸಿತು. ಖೋಕಾದಲ್ಲಿ ನೀಲಿ ಮೋಟಾರನ್ನು ವಾಪಸು ಇಟ್ಟದ್ದು, ಖೋಕಾ ಎತ್ತಿಕೊಂಡು ಹೊರಗೆ ಹೋದದ್ದು, ಕಾರಿನ ಹಿಂದಿನ ಬಾಗಿಲು ತೆರೆದು ಮುಚ್ಚಿದ್ದು ಕೇಳಿಸಿತು. ಬಂದವಳು ಅಣ್ಣನ ಎದುರು ನಿಂತು, "ಅಣ್ಣಾ, ಹೇಳು," ಅಂದಳು. ರಾವಸಾಬ ಕೈ ಇಳಿಸಿದ. ಹೋಗೋಣ ನಡಿ ಅವ್ವಾ ಎಂದ. ಆಗ ಸಂಮೇದನೇ ಬಾಗಿಲ ಕಡೆ ಹೋಗಿ ನಿಂತು, ಹಾಗೆ ಹೋಗುವಂತಿಲ್ಲ, ಉಂಡು ಹೋಗಬೇಕು, ದಾರಿಯಲ್ಲಿ ಹೊತ್ತು ಮುಳುಗಿದರೆ ರಾತ್ರಿಯೆಲ್ಲ ಉಪವಾಸ ಬೀಳುತ್ತೀರಿ ಎಂದ. ಮುಳುಗಿದ ಮೇಲೆ ಅವರಾರೂ ತುತ್ತು ಮುಟ್ಟುವುದಿಲ್ಲ, ಅತ್ತೆಗೆ ವಯಸ್ಸಾಗಿದೆ. ಕ್ಷಮೆಯ ಮಾತು ಬೇರೆ, ಅನ್ನದ ಮಾತು ಬೇರೆ. ಹೀರಾಬಾಯಿ ಮಗನ ಮುಖ ನೋಡಿದಳು, ಕಿಟಕಿಯ ಬಿಸಿಲು ನೋಡಿದಳು, ಮಣೆಯ ಮೇಲೆ ಕೂತುಬಿಟ್ಟಳು. ರಾವಸಾಬನೂ ಕೂರಬೇಕಾಯಿತು.

ಬೆರಳು ಹೋದಂದಿನಿಂದ ಸಂಮೇದ ನೆಂಟರ ಜೊತೆ ಪಂಕ್ತಿಗೆ ಕೂತಿರಲಿಲ್ಲ. ಒಳಗಿನ ಕೋಣೆಯಲ್ಲಿ, ಗೋಡೆಗೆ ಮುಖ ಮಾಡಿ, ಎಡಗೈಯಲ್ಲಿ ಚಮಚ ಹಿಡಿದು ಉಣ್ಣುತ್ತಿದ್ದ. ಇವತ್ತು ರಾವಸಾಬನ ಎದುರಿಗೇ ಮಣೆ ಎಳೆದುಕೊಂಡ. ಸಪನಾ ಅಭ್ಯಾಸದಂತೆ ಚಮಚ ತಂದಿಟ್ಟಳು. ಅವನು ಅದನ್ನು ಪಕ್ಕಕ್ಕೆ ಸರಿಸಿ ಬಲಗೈ ತೊಳೆದುಕೊಂಡ. ಹೋಳಿಗೆಯನ್ನು ಹೆಬ್ಬೆರಳು ಕಿರುಬೆರಳಿನಲ್ಲಿ ಹಿಡಿದು ಮುರಿಯಲು ನೋಡಿದ. ಹರಿಯಲಿಲ್ಲ, ಹೂರಣ ಹೊರಗೆ ಬಂತು, ತುಪ್ಪ ಮುಂಗೈಗೆ ಇಳಿಯಿತು. ಇನ್ನೊಮ್ಮೆ ಹಿಡಿದ. ತಾಟಿನ ಮೇಲೆ ಆ ಕೈ ದೊಡ್ಡದಾಗಿ, ಬತ್ತಲಾಗಿ ಕಾಣುತ್ತಿತ್ತು. ರಾವಸಾಬನಿಗೆ ಈ ಕೋಣೆಯಲ್ಲಿ ನೋಡಲು ಕಬ್ಬು ಇರಲಿಲ್ಲ, ಪಟ ಬೆನ್ನ ಹಿಂದೆ ಇತ್ತು. ರಾವಸಾಬ ಮುರಿದ ತುತ್ತು ಅವನ ಬೆರಳಲ್ಲೇ ಉಳಿದು ಆರುತ್ತಿತ್ತು. ಹೊರಗೆ ಬಿಸಿಲು ಎದುರು ಮನೆಯ ಗೋಡೆಯ ಮೇಲೆ ಹತ್ತಿ, ತಗಡಿನ ಅಂಚಿಗೆ ಬಂದಿತ್ತು. ಸಂಮೇದ ಮೊದಲ ತುತ್ತನ್ನು ಬಾಯಿಗೆ ಮುಟ್ಟಿಸಿದ, ಅಗಿದ, ನುಂಗಿದ. ಸಿಹಿಯಿತ್ತು.

"ತಿಳಿದಽ," ಅಂದ ರಾವಸಾಬ, ತಾಟಿಗೆ.

ಹೀರಾಬಾಯಿ ಗಡಿಬಿಡಿಯಿಂದ ಕಟ್ಟಿನ ಸಾರು ಕೇಳಿದಳು, ಏನೂ ಕೇಳಿಸದವಳ ಹಾಗೆ. ಸಪನಾಳ ಕೈಯಲ್ಲಿ ಸೌಟು ನಿಂತಲ್ಲೇ ನಿಂತಿತು.

"ಜೋರಾಗಿ ಅನ್ರಿ," ಅಂದ ಸಂಮೇದ. "ಅತ್ತೀಗೆ ಕೇಳಿಸಿಲ್ಲ."

ರಾವಸಾಬ ತಲೆ ಎತ್ತಿದ. ಎರಡು ವರ್ಷದಲ್ಲಿ ಮೊದಲ ಸಲ ಅವನ ಕಣ್ಣು ಆ ಕೈಯ ಮೇಲೆ ಬಂದು, ಅಲ್ಲೇ ನಿಂತಿತು. "ತಿಳಿದಽ ತಗಸಿದ್ದೆ, ಅವ್ವಾ. ಜಾಳಿ. ಅಂವ ಹಾಕೂನು ಅಂದಿದ್ದ."

ಹೀರಾಬಾಯಿ ಸಾರಿಗೆಂದು ಚಾಚಿದ್ದ ಬಟ್ಟಲನ್ನು ಕೆಳಗಿಟ್ಟಳು. ಸಂಮೇದ ಕ್ಷಮಾ ಅನ್ನಲಿಲ್ಲ. ಕೈಯನ್ನೂ ಜೋಡಿಸಲಿಲ್ಲ, ಅದರಲ್ಲಿ ಹೋಳಿಗೆ ಇತ್ತು.

"ಉಣ್ರಿ," ಅಂದ. "ಹೊತ್ತು ಮುಳುಗಾಕತ್ತೈತಿ."